ಫೋಟೋದಲ್ಲಿ ಇಲ್ಲದ ಚಿಕ್ಕಪ್ಪ

ರೆಜೈನಾ, ಕೆನಡಾ
18 ಜೂನ್ 2023

ರೀ,

ಕಾಗದದಲ್ಲಿ ನಿಮ್ಮನ್ನು ಏನಂತ ಕರೆಯಬೇಕೋ ತಿಳಿಯಲಿಲ್ಲ. ಹೆಸರು ಬರೆದರೆ ಅವ್ವ ಕಾಮಗೆರೆಯಿಂದಲೇ ಬೈಯುತ್ತಾಳೆ. 'ಪ್ರೀತಿಯ' ಅಂತ ಬರೆದು ನೋಡಿದೆ, ಯಾರದೋ ಲಗ್ನಪತ್ರಿಕೆ ಥರ ಕಂಡಿತು, ಹೊಡೆದುಹಾಕಿದೆ. ಫೋನಿನಲ್ಲಿ ಕರೆಯುವ ಹಾಗೆಯೇ ಇಲ್ಲೂ ಕರೆದಿದ್ದೇನೆ.

ದಿನಾ ಫೋನಿನಲ್ಲಿ ಸಿಗುವವಳು ಕಾಗದ ಯಾಕೆ ಬರೆದಳು ಅಂತ ಗಾಬರಿಯಾಗಬೇಡಿ. ನನಗೆ ಇಲ್ಲಿ ಕಾಯಂ ಆಗಿ ಇರಲು ಅನುಮತಿ ಬಂತಲ್ಲ, ಇನ್ನು ಗಂಡನನ್ನು ಕರೆಸಿಕೊಳ್ಳಲು ಅರ್ಜಿ ಹಾಕಬಹುದು. ಅದಕ್ಕೆಂದು ಒಬ್ಬ ಕನ್ಸಲ್ಟೆಂಟ್ ಹೆಂಗಸನ್ನು ಹಿಡಿದಿದ್ದೇನೆ, ಪಂಜಾಬಿನವಳು. ಮದುವೆಯಾದಾಗಿನಿಂದ ನಾವು ವಾಟ್ಸಾಪಿನಲ್ಲಿ ಮಾತಾಡಿದ್ದನ್ನೆಲ್ಲ ಇಂಗ್ಲಿಷಿಗೆ ಮಾಡಿ ಅವಳಿಗೆ ಕೊಟ್ಟೆ. 'ಊಟ ಆಯ್ತಾ', 'ಆಯ್ತು', 'ನಿಂದು', 'ಈಗ ಮಾಡ್ಬೇಕು', 'ಕರೆಂಟ್ ಬಂತಾ', 'ಇನ್ನೂ ಇಲ್ಲ'. ಓದುತ್ತಾ ಓದುತ್ತಾ ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ನೀವಿಬ್ಬರು ಗಂಡ ಹೆಂಡತಿಯೋ, ಒಂದೇ ಹಾಸ್ಟೆಲಿನವರೋ?" ಅಂದಳು. ನನಗೆ ನಗು ಬಂತು, ಆಮೇಲೆ ಬೇಜಾರಾಯಿತು.

ಕೈಬರಹದ ಕಾಗದ, ಮೇಲೆ ಅಂಚೆ ಮುದ್ರೆ ಇದ್ದರೆ ಅರ್ಜಿಗೆ ತೂಕ ಬರುತ್ತದಂತೆ. ಅದಕ್ಕೆ ಈ ಕಾಗದ. ನೀವೂ ಬರೆಯಿರಿ. ಅದಕ್ಕಿಂತ ಮುಖ್ಯವಾಗಿ ಫೋಟೋ ಬೇಕು. ನಾವಿಬ್ಬರೂ ಇರುವುದು, ಬೇರೆ ಬೇರೆ ಕಾಲದ್ದು, ಬೇರೆ ಬೇರೆ ಜಾಗದ್ದು, ಎರಡೂ ಮನೆಯವರ ಜೊತೆಗಿನದು. ಪೋಸು ಕೊಟ್ಟ ಹಾಗೆ ಇರಬಾರದಂತೆ, ಸಹಜವಾಗಿರಬೇಕಂತೆ. ಮದುವೆಗೆ ಬಂದಾಗ ಸಿಕ್ಕಿದ್ದು ಮೂರು ವಾರದ ರಜೆ, ಸಂಕ್ರಾಂತಿಗೆ ಬಂದಾಗ ಇನ್ನೂ ಕಡಿಮೆ. ಅಷ್ಟರಲ್ಲಿ ಸಹಜವಾಗಿ ಇರುವುದನ್ನು ಕಲಿತಿದ್ದೇ ಕಷ್ಟ, ಅದರ ಫೋಟೋ ಬೇರೆ ಎಲ್ಲಿಂದ ತರುವುದು?

ನಾನು ಇಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಮುದುಕ ಮುದುಕಿಯರನ್ನು ಎತ್ತಿ ಕೂರಿಸಿ, ತೊಳೆದು, ಮಾತ್ರೆ ಕೊಟ್ಟು ಮನೆಗೆ ಬರುವಷ್ಟರಲ್ಲಿ ಸೊಂಟ ಬಿದ್ದುಹೋಗಿರುತ್ತದೆ. ಬಾಗಿಲು ತೆಗೆದರೆ ಮನೆಯಲ್ಲಿ ಯಾರೂ ಇಲ್ಲ. ಬೇಗ ಕಳುಹಿಸಿ.

ಇಂತಿ,
ಸಿಂಧು


ಹೊನ್ನೂರು
23 ಜುಲೈ 2023

ಸಿಂಧುಗೆ,

ನಿನ್ನ ಕಾಗದ ಬಂತು. ಪೋಸ್ಟ್‌ಮ್ಯಾನ್ ಅಂಗಡಿಗೇ ತಂದುಕೊಟ್ಟ. ಮೋಟರ್ ರಿವೈಂಡಿಂಗ್ ಅಂಗಡಿಗೆ ಕೆನಡಾದಿಂದ ಕಾಗದ ಬಂದದ್ದು ಯಳಂದೂರು ಬಸ್‌ಸ್ಟ್ಯಾಂಡಿನ ಆ ಕಡೆಯವರೆಗೂ ಗೊತ್ತಾಗಿ, ಎರಡು ದಿನ ಬಂದವರಿಗೆಲ್ಲ ಟೀ ಕುಡಿಸಿದ್ದಾಯಿತು.

ಫೋಟೋ ಹುಡುಕುವ ಕೆಲಸಕ್ಕಿಂತ ಸುಟ್ಟ ಮೋಟರ್ ಬಿಚ್ಚುವುದೇ ವಾಸಿ. ಮದುವೆ ಆಲ್ಬಮ್ಮಿನಲ್ಲಿ ನಾವಿಬ್ಬರೂ ತಾಲ್ಲೂಕು ಕಚೇರಿಯಲ್ಲಿ ಪಹಣಿಗೆ ಕಾದು ಕೂತವರ ಹಾಗೆ ಇದ್ದೇವೆ. ಹೆಗಲ ಮೇಲೆ ಕೈ ಹಾಕಿ ಎಂದು ಫೋಟೋ ತೆಗೆದ ಆ ರಂಗನಾಯಕ ನನಗೆ ನೂರು ಸಲ ಹೇಳಿದ್ದ. ನಮ್ಮವ್ವ, ನಿಮ್ಮವ್ವ, ಊರಿನ ಅರ್ಧ ಜನ ಎದುರಿಗೆ ಕೂತಿದ್ದರು, ಹೇಗೆ ಹಾಕಲಿ? ಸಂಕ್ರಾಂತಿಗೆ ಬಂದಾಗ ಕಾಮಗೆರೆಯಲ್ಲಿ ನಾಮಕರಣಕ್ಕೆ ಹೋಗಿದ್ದೆವಲ್ಲ, ಆ ಫೋಟೋ ಸಿಕ್ಕಿದೆ. ನೀನು ಪೂರ್ತಿ ಬಂದಿದ್ದೀಯ, ಪಕ್ಕದಲ್ಲಿ ನನ್ನ ಮೊಣಕೈ ಬಂದಿದೆ. ಬಿಳಿಗಿರಿರಂಗನ ಬೆಟ್ಟಕ್ಕೆ ಬೈಕಿನಲ್ಲಿ ಹೋದಾಗ ನಾನು ನಿನ್ನದು ತೆಗೆದೆ, ನೀನು ನನ್ನದು ತೆಗೆದೆ. ಅದೇ ಬಂಡೆ, ಅದೇ ಬಿಸಿಲು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಡೆಯುತ್ತದೆಯೇ ಎಂದು ನಿನ್ನ ಕನ್ಸಲ್ಟೆಂಟನ್ನು ಕೇಳು.

ಎರಡೂ ಮನೆಯವರು ಸೇರಿ ನಿಂತಿರುವುದು ಒಂದೇ ಒಂದು. ನಿಮ್ಮವ್ವನ ಮನೆ ನಡುಗೋಡೆಯ ಮೇಲಿರುವ ದೊಡ್ಡ ಫೋಟೋ. ಅತ್ತೆ ಅದನ್ನು ನನ್ನ ಕೈಗೆ ಕೊಡಲು ಒಪ್ಪಲಿಲ್ಲ. ಗಾಜು ಒಡೆದುಹೋದರೆ ಏನು ಗತಿ ಎಂದು ತಾವೇ ತೊಡೆಯ ಮೇಲಿಟ್ಟುಕೊಂಡು ಕೊಳ್ಳೇಗಾಲದವರೆಗೆ ಬಸ್ಸಿನಲ್ಲಿ ಬಂದರು. ಸ್ಟುಡಿಯೋದಲ್ಲಿ ರಂಗನಾಯಕ ಅದನ್ನು ಕಂಪ್ಯೂಟರಿಗೆ ಹಾಕುವಾಗ ನಿಮ್ಮಪ್ಪನ ಮುಖ ದೊಡ್ಡದು ಮಾಡಿ ತೋರಿಸಿದ. "ನೋಡಿ ಸಾ, ಕತ್ತಿನ ತಾವ ಒಂದು ಗೆರೆ ಕಾಣ್ತದಾ? ತೀರ್‌ಕಂಡೋರ್ನ ನಿಲ್ಸಿದ್ದೀನಿ ಅಂತ ಯಾರಾದ್ರೂ ಅಂತಾರಾ?" ಎಂದ. ನಿಜವಾಗಲೂ ಕಾಣುವುದಿಲ್ಲ. ಇದೇನು ಹೊಸದೇ? ನಮ್ಮ ಅಕ್ಕನ ಮದುವೆ ಫೋಟೋದಲ್ಲಿ ನಮ್ಮಜ್ಜಿ ರೇಷ್ಮೆ ಸೀರೆ ಉಟ್ಟು ನಿಂತಿದ್ದಾಳೆ, ಆಗ ಅವಳು ಸತ್ತು ಎಷ್ಟೋ ವರ್ಷವಾಗಿತ್ತು. ಹಿರಿಯರಿಲ್ಲದ ಮದುವೆ ಫೋಟೋ ಗೋಡೆಗೆ ಹಾಕಲು ನಮ್ಮ ಕಡೆ ಯಾರಿಗೆ ಮನಸ್ಸು ಬರುತ್ತದೆ? ಅತ್ತೆ ಅಲ್ಲೇ ಸ್ಟೂಲಿನ ಮೇಲೆ ಕೂತು ಆ ದೊಡ್ಡ ಮುಖವನ್ನು ತುಂಬ ಹೊತ್ತು ನೋಡಿದರು.

ಎಲ್ಲ ಸೇರಿ ಇಪ್ಪತ್ತರ ಹತ್ತಿರ ಆಗಿವೆ. ಮೊಣಕೈಯನ್ನೂ ಸೇರಿಸಿದ್ದೇನೆ.

ನಿನ್ನ,
ಮಣಿಕಂಠ


ರೆಜೈನಾ
8 ಅಕ್ಟೋಬರ್ 2023

ರೀ,

ಅರ್ಜಿ ಹೋಯಿತು. ಪ್ರತಿ ಫೋಟೋದ ಕೆಳಗೆ ಯಾರು, ಯಾವಾಗ, ಎಲ್ಲಿ ಎಂದು ನಾನೇ ಇಂಗ್ಲಿಷಿನಲ್ಲಿ ಬರೆದೆ. ಗೋಡೆ ಫೋಟೋದ ಕೆಳಗೆ ಎಡದಿಂದ ಬಲಕ್ಕೆ ನನ್ನ ತಂದೆ, ನಾನು, ನೀವು, ನನ್ನ ತಾಯಿ, ನಿಮ್ಮ ತಂದೆ ತಾಯಿ ಎಂದು ಬರೆಯುವಾಗ ಒಂಥರಾ ಸಂತೋಷವಾಯಿತು. ಅಪ್ಪನ ಹೆಸರನ್ನು ಎಲ್ಲಾದರೂ ಬರೆದು ಎಷ್ಟು ಕಾಲವಾಗಿತ್ತು.

ಆ ಫೋಟೋಗಳನ್ನು ಜೋಡಿಸುತ್ತಾ ಕೂತಾಗ ಒಂದು ಯೋಚನೆ ಬಂತು, ಫೋನಿನಲ್ಲಿ ಕೇಳಲು ಬಾಯಿ ಬರಲಿಲ್ಲ. ನಿಮಗೆ ಇಲ್ಲಿಗೆ ಬರಲು ಇಷ್ಟವಿದೆಯಾ? ಫೋಟೋ ಕೇಳಿದೆ, ಕಳುಹಿಸಿದಿರಿ. ಕೇಸು ಏನೂ ಇಲ್ಲ ಎಂಬ ಪೊಲೀಸ್ ಪತ್ರ ಕೇಳಿದೆ, ಮಾಡಿಸಿದಿರಿ. ಗಿರಾಕಿ ಹೇಳಿದ ಕೆಲಸದ ಹಾಗೆ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿಕೊಟ್ಟಿರಿ. ಯಾವತ್ತೂ 'ಯಾವಾಗ ಆಗುತ್ತೆ' ಅಂತ ಕೇಳಲಿಲ್ಲ. ನಾನೊಬ್ಬಳೇ ಎರಡು ಜನರ ಮದುವೆಯನ್ನು ಹೊತ್ತುಕೊಂಡು ಓಡಾಡುತ್ತಿದ್ದೇನೆ ಅನ್ನಿಸುತ್ತದೆ. ಸುಸ್ತಾಗಿದೆ.

ಈ ಕಾಗದವನ್ನು ಕನ್ಸಲ್ಟೆಂಟಿಗೆ ಕೊಡುವುದಿಲ್ಲ.

ಸಿಂಧು


ಹೊನ್ನೂರು
12 ನವೆಂಬರ್ 2023

ಸಿಂಧು,

ನಿನ್ನ ಕಾಗದ ಓದಿದೆ. ಫೋನಿನಲ್ಲಿ ನೀನು 'ಬಂತಾ' ಎಂದೆ, ನಾನು 'ಬಂತು' ಎಂದೆ. ಇಬ್ಬರೂ ಅದಕ್ಕಿಂತ ಮುಂದೆ ಹೋಗಲಿಲ್ಲ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನಿನ್ನ ಜೊತೆ ಇರಬೇಕು ಅನ್ನಿಸುತ್ತದೆ. ಕೆನಡಾದಲ್ಲಿ ಇರಬೇಕು ಅನ್ನಿಸುವುದಿಲ್ಲ. ಇಲ್ಲಿ ನಾನು ರಸ್ತೆಯಲ್ಲಿ ಹೋದರೆ ಗದ್ದೆಯಿಂದಲೇ ಕೂಗುತ್ತಾರೆ, ಮೋಟರ್ ನೀರು ಎತ್ತುತ್ತಿಲ್ಲ ಬಾರಪ್ಪ ಎಂದು. ಅಲ್ಲಿ ನನ್ನನ್ನು ಯಾರು ಕೂಗುತ್ತಾರೆ? ಈ ಹೆದರಿಕೆಯನ್ನು ನಿನಗೆ ಹೇಳಿದರೆ, ಬರುವುದೇ ಇಲ್ಲ ಎಂದು ತಿಳಿದುಕೊಳ್ಳುತ್ತೀಯೆಂದು ಹೇಳಲಿಲ್ಲ. ಕೇಳಲಿಲ್ಲ ಎಂದರೆ ಬೇಡವಾಗಿದೆ ಎಂದಲ್ಲ. ಕೇಳಿ ಕೇಳಿ ನಿನ್ನ ತಲೆ ತಿನ್ನಬಾರದು ಎಂದುಕೊಂಡಿದ್ದೆ, ಅದೂ ತಪ್ಪಾಗಿದೆ.

ಸರಿ, ಈಗ ಕೇಳುತ್ತಿದ್ದೇನೆ. ಯಾವಾಗ ಆಗುತ್ತದೆ?

ನಿನ್ನ,
ಮಣಿಕಂಠ


ರೆಜೈನಾ
9 ಮಾರ್ಚ್ 2024

ರೀ,

ಬೆಳಿಗ್ಗೆ ಫೋನಿನಲ್ಲಿ ಅಳುವುದು ಬಿಟ್ಟು ಬೇರೇನೂ ಮಾಡಲಿಲ್ಲ. ನೀವು 'ಏನಾಯ್ತು ಹೇಳು' ಅಂದಷ್ಟೂ ಅಳು ಹೆಚ್ಚಾಯಿತು. ಅದಕ್ಕೆ ಬರೆದು, ಕಾಗದದ ಫೋಟೋ ತೆಗೆದು ಕಳುಹಿಸುತ್ತಿದ್ದೇನೆ. ಅಂಚೆಗೆ ಕಾಯುವಷ್ಟು ಸಮಯವಿಲ್ಲ.

ವೀಸಾ ಆಫೀಸಿನಿಂದ ಪತ್ರ ಬಂದಿದೆ. ಅರ್ಜಿಯಲ್ಲಿ ನನ್ನ ತಂದೆ 2016ರಲ್ಲಿ ತೀರಿಕೊಂಡರು ಎಂದು ಬರೆದಿದ್ದೇನೆ. 2022ರ ಮದುವೆ ಫೋಟೋದಲ್ಲಿ ಅದೇ ತಂದೆ ನನ್ನ ತಲೆಯ ಮೇಲೆ ಕೈಯಿಟ್ಟು ನಿಂತಿದ್ದಾರೆ, ಕೆಳಗೆ ನನ್ನದೇ ಅಕ್ಷರ. ಒಂದು ಫೋಟೋ ಕೃತಕವಾಗಿದ್ದರೆ ಉಳಿದವನ್ನು ಹೇಗೆ ನಂಬುವುದು, ಮದುವೆಯೇ ನಡೆದಿದೆಯೋ ಇಲ್ಲವೋ ಎಂದು ಕೇಳಿದ್ದಾರೆ. ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಅವರಿಗೆ ಒಪ್ಪಿಗೆಯಾಗದಿದ್ದರೆ ಈ ಅರ್ಜಿ ಹೋಯಿತು, ಮುಂದೆ ವರ್ಷಗಟ್ಟಲೆ ಮತ್ತೆ ಹಾಕುವ ಹಾಗೂ ಇಲ್ಲ.

ನಮ್ಮೂರಲ್ಲಿ ಹೀಗೆ ಮಾಡಿಸುತ್ತಾರೆ, ಮೋಸಕ್ಕಲ್ಲ ಎಂದು ಕನ್ಸಲ್ಟೆಂಟಿಗೆ ಹೇಳಿದೆ. "ಹಾಗಾದರೆ ಆ ಜಾಗದಲ್ಲಿ ನಿಂತಿದ್ದದ್ದು ಯಾರು? ಯಾರದೋ ಮೈ ಇದೆಯಲ್ಲ?" ಎಂದು ಕೇಳಿದಳು. ಮನೆಗೆ ಬಂದು ಫೋಟೋ ದೊಡ್ಡದು ಮಾಡಿ ನೋಡಿದೆ. ನನ್ನ ತಲೆಯ ಮೇಲಿರುವ ಕೈಯಲ್ಲಿ ಉಂಗುರದ ಬೆರಳು ಅರ್ಧವೇ ಇದೆ.

ಅದು ಹನುಮಯ್ಯ ಚಿಕ್ಕಪ್ಪನ ಕೈ. ಚಿಕ್ಕ ವಯಸ್ಸಿನಲ್ಲಿ ಆಲೆಮನೆಯ ಗಾಣಕ್ಕೆ ಸಿಕ್ಕಿ ಹೋದ ಬೆರಳು. ಅಪ್ಪ ಹೋದ ಮೇಲೆ ನನ್ನನ್ನು ಮೈಸೂರಿನ ನರ್ಸಿಂಗ್ ಕಾಲೇಜಿಗೆ ಕರೆದುಕೊಂಡು ಹೋಗಿ ಸೇರಿಸಿದ ಕೈ. ನನ್ನನ್ನು ನಿಮಗೆ ಧಾರೆ ಎರೆದುಕೊಟ್ಟ ಕೈ. ಅದರ ಮೇಲೆ ಅಪ್ಪನ ತಲೆ ಕೂರಿಸಿದ್ದಾರೆ. ಎಷ್ಟು ಸಲ ನೋಡಿದ್ದೆ ಆ ಫೋಟೋವನ್ನು! ಪ್ರತಿ ಸಲವೂ ಮುಖ ನೋಡಿದೆ, ಕೈ ನೋಡಲಿಲ್ಲ.

ನಮ್ಮ ಮದುವೆಯಾದ ವರ್ಷದ ಗೌರಿ ಹಬ್ಬದಿಂದೀಚೆಗೆ ಚಿಕ್ಕಪ್ಪ ಕಾಮಗೆರೆ ಮನೆಗೆ ಕಾಲಿಟ್ಟಿಲ್ಲ. ಬಾವಿ ಪಾಲಿನ ವಿಚಾರಕ್ಕೆ ಮುನಿಸು ಎಂದು ಅವ್ವ ಹೇಳಿದ್ದಳು. ಸಂಕ್ರಾಂತಿಗೆ ಬಂದಾಗ ಅವರ ತೋಟಕ್ಕೆ ನಾನೇ ಹೋಗಿ ನೋಡಿ ಬಂದೆ. ಎಳನೀರು ಕೆತ್ತಿಕೊಟ್ಟರು, ಮುನಿಸಿನ ಮಾತು ಎತ್ತಲಿಲ್ಲ.

ಆಲ್ಬಮ್ಮಿನ ಬೇರೆ ಫೋಟೋಗಳಲ್ಲಿ ಚಿಕ್ಕಪ್ಪ ಇದ್ದಾರೆ, ಅದೇ ಅಂಗಿಯಲ್ಲಿ. ಆದರೆ ನಮ್ಮ ಯಾವ ಫೋಟೋವನ್ನೂ ಇನ್ನು ಅವರು ಸುಲಭಕ್ಕೆ ನಂಬುವುದಿಲ್ಲ. ಒಂದೋ ತಿದ್ದುವುದಕ್ಕೆ ಮುಂಚಿನ ಮೂಲ ಫೋಟೋ ಸಿಗಬೇಕು, ಇಲ್ಲವೇ ಅಲ್ಲಿ ನಿಂತಿದ್ದ ಮನುಷ್ಯನೇ ನೋಟರಿ ಮುಂದೆ ಪ್ರಮಾಣ ಮಾಡಿ ಬರೆದುಕೊಡಬೇಕು. ದಯವಿಟ್ಟು ಹೋಗಿ ಬನ್ನಿ.

ಸಿಂಧು


ಯಳಂದೂರು, ಅಂಗಡಿಯಿಂದ
17 ಮಾರ್ಚ್ 2024

ಸಿಂಧು,

ಮೊದಲು ಕೊಳ್ಳೇಗಾಲಕ್ಕೆ ಹೋದೆ. ರಂಗನಾಯಕ ಹಳೇ ಕಂಪ್ಯೂಟರ್ ಬದಲಾಯಿಸಿದ್ದಾನೆ, ತಿದ್ದಿ ಕೊಟ್ಟ ಫೋಟೋ ಮಾತ್ರ ಇಟ್ಟುಕೊಂಡಿದ್ದಾನೆ, ಮೂಲ ಇಲ್ಲ. ಪಾಪ, ಅವನ ಮುಖ ಸಣ್ಣಗಾಯಿತು. ಇಷ್ಟು ವರ್ಷದಲ್ಲಿ ಅವನ ಕೆಲಸದಲ್ಲಿ ತಪ್ಪು ಹುಡುಕಿದವರು ಕೆನಡಾದವರೇ ಮೊದಲಂತೆ.

ಮಾರನೇ ದಿನ ಹನೂರಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಚಿಕ್ಕಪ್ಪನ ತೋಟ ಮುಟ್ಟಿದೆ. ಅರಿಶಿನ ಬೇಯಿಸಿ ಒಣಹಾಕುತ್ತಿದ್ದರು. ಚಿಕ್ಕಮ್ಮ ಲಕ್ಷ್ಮಿದೇವಿ ಮಜ್ಜಿಗೆ ಕೊಟ್ಟು ಒಳಗೆ ಹೋದರು. ನಾನು ಎಲ್ಲ ವಿವರಿಸಿ ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಅವರು ಮೊಬೈಲ್ ಕೈಗೆ ತೆಗೆದುಕೊಳ್ಳಲೇ ಇಲ್ಲ.

"ಅದ್ರಾಗೆ ನಾನಿಲ್ವಲ್ಲ ಅಳೀಮಯ್ಯ. ಇಲ್ದೋನು ಏನಂತ ಸೈನಾಕ್ಲಿ?" ಎಂದರು.

"ಅಂಗಂದ್ರೆ ಎಂಗೆ ಮಾವ? ಈ ಕೈ ನಿಮ್ದೇ ತಾನೆ?"

"ಕೈ ನಂದೆ. ಅಂಗಿ ನಂದೆ, ಪಂಚೆ ನಂದೆ. ತಲೆ ತಗದವ್ರಲ್ಲ, ಇನ್ನು ಕೈ ಇಟ್ಕಂಡು ಏನ್ ಮಾಡಾನ?"

ನಾನು ಮೊಬೈಲ್ ಜೇಬಿಗೆ ಹಾಕಿಕೊಂಡೆ. ಅವರು ಸ್ವಲ್ಪ ಹೊತ್ತು ಅರಿಶಿನ ಹರಡಿದರು. ಆಮೇಲೆ ತಾವಾಗಿಯೇ ಹೇಳಿದರು. ಸಿಂಧು, ಅದನ್ನು ನಿನಗೆ ಬರೆಯಲೋ ಬೇಡವೋ ಎಂದು ಯೋಚಿಸಿದೆ. ನೀನು ತಿಳಿಯಬೇಕು, ಬರೆಯುತ್ತಿದ್ದೇನೆ.

"ಆ ವರ್ಷ ಗೌರಿ ಅಬ್ಬಕ್ಕೆ ಓಗಿದ್ದೆ. ಗೋಡೆ ಮೇಲೆ ಪೋಟೋ ಆಕಿದ್ರು. ಮೊದ್ಲು ಅಣ್ಣನ ಮಖ ಕಂಡು ನಂಗೂ ಕಣ್ಣೀರು ಬಂತು. ಆಮೇಕೆ ಕೈ ಕಾಣ್ತು. ಅಬ್ಬಕ್ಕೆ ಬಂದಿದ್ದೋರು ಯಾರೋ 'ಹನುಮಯ್ಯ ಎಲ್ಲೋಗಿದ್ದ, ಪೋಟೋದಾಗೆ ಕಾಣಲ್ಲ' ಅಂದ್ರು. ನಿಮ್ಮತ್ತೆ ಏನಂದ್ಳು ಗೊತ್ತಾ? 'ಅಡ್ಗೆ ಕಡೆ ಇದ್ರೇನೋ' ಅಂದ್ಳು. ಅಷ್ಟೆ. ನಾ ಊಟ ಮಾಡ್ದೆ, ಕೈ ತೊಳ್ಕಂಡೆ, ಬಂದ್ಬುಟ್ಟೆ."

"ಬಾವಿ ವಿಚಾರಕ್ಕೆ ಅಂತ ಎಲ್ಲ ಅಂದ್ಕಂಡಿದ್ರು ಮಾವ."

"ಬಾವೀಲಿ ನೀರೇ ಇಲ್ಲ, ಅದ್ಕೆ ಯಾರು ಜಗಳ ಆಡ್ತಾರೆ? ಅಣ್ಣ ಬ್ಯಾರೆ ಅಲ್ಲ, ನಾ ಬ್ಯಾರೆ ಅಲ್ಲ. ಅವನ್ನ ನಿಲ್ಸೋದಕ್ಕೆ ನಂದೇನೂ ಬ್ಯಾಡ ಇರ್ಲಿಲ್ಲ. ಆದ್ರೆ ಸತ್ತೋನು ಅವ್ನು. ನಾನು ಬದ್ಕಿದ್ದೆ."

ಹೊರಡುವಾಗ ಮತ್ತೊಂದು ಸಲ ಕೇಳಿದೆ. ತಲೆ ಅಲ್ಲಾಡಿಸಿದರು. ನನ್ನ ಮೇಲೆ ಸಿಟ್ಟಿಲ್ಲ ಎಂದರು, ಆಟೋದವನಿಗೆ ತಾವೇ ಫೋನ್ ಮಾಡಿ ಕರೆಸಿದರು. ಹಿಂದಕ್ಕೆ ಬರುವಾಗ ಕಾಮಗೆರೆಯಲ್ಲಿ ಇಳಿದು ಅತ್ತೆಗೆ ಹೇಳಿದೆ. ಅವರು ಸೆರಗು ಬಾಯಿಗೆ ಹಿಡಿದುಕೊಂಡು ಕೂತುಬಿಟ್ಟರು.

ನನಗೂ ಸಾಕಾಗಿದೆ. ಆದರೆ ಚಿಕ್ಕಪ್ಪನನ್ನು ಬಲವಂತ ಮಾಡಲು ನನಗೆ ಬಾಯಿ ಬರುವುದಿಲ್ಲ. ನೀನೇ ಏನಾದರೂ ಬರೆದು ನೋಡು.

ನಿನ್ನ,
ಮಣಿಕಂಠ


ರೆಜೈನಾ
18 ಮಾರ್ಚ್ 2024

ಚಿಕ್ಕಪ್ಪನವರಿಗೆ ಸಿಂಧು ಮಾಡುವ ನಮಸ್ಕಾರ.

ಇದನ್ನು ಇವರು ಪ್ರಿಂಟ್ ತೆಗೆಸಿ ತಂದುಕೊಡುತ್ತಾರೆ. ನೀವೇ ಓದಬೇಕು, ಅವರ ಕೈಯಲ್ಲಿ ಓದಿಸಬೇಡಿ. ಅದಕ್ಕೇ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

ಸೈನ್ ಹಾಕಿ ಎಂದು ಕೇಳಲು ಬರೆಯುತ್ತಿಲ್ಲ ಎಂದು ಶುರು ಮಾಡಿದ್ದೆ. ಅದು ಸುಳ್ಳು, ಅದಕ್ಕೂ ಬರೆಯುತ್ತಿದ್ದೇನೆ. ನನಗೆ ಗಂಡನ ಜೊತೆ ಒಂದು ಮನೆಯಲ್ಲಿ ಇರಬೇಕು ಚಿಕ್ಕಪ್ಪ. ಮದುವೆಯಾಗಿ ಎರಡು ವರ್ಷವಾಗುತ್ತಾ ಬಂತು, ಒಟ್ಟಿಗೆ ಎರಡು ತಿಂಗಳು ಇದ್ದಿಲ್ಲ. ಆದರೆ ನೀವು ಸೈನ್ ಹಾಕದಿದ್ದರೂ ಈ ಕಾಗದ ಬರೆಯಲೇಬೇಕಿತ್ತು.

ಮೈಸೂರಿನ ಹಾಸ್ಟೆಲಿಗೆ ನೀವು ಹುರಿಹಿಟ್ಟಿನ ಡಬ್ಬ ಹಿಡಿದುಕೊಂಡು ಬರುತ್ತಿದ್ದಿರಿ. ಒಳಗೆ ಗಂಡಸರನ್ನು ಬಿಡುತ್ತಿರಲಿಲ್ಲ, ಗೇಟಿನ ಹತ್ತಿರ ನಿಂತಿರುತ್ತಿದ್ದಿರಿ. ನಿಮ್ಮಪ್ಪ ಬಂದಿದ್ದಾರೆ ಎಂದು ವಾಚ್‌ಮನ್ ಕೂಗುತ್ತಿದ್ದ. ಅಪ್ಪನಲ್ಲ, ಚಿಕ್ಕಪ್ಪ ಎಂದು ನಾನು ಒಂದು ದಿನವೂ ತಿದ್ದಲಿಲ್ಲ, ನೀವೂ ತಿದ್ದಲಿಲ್ಲ. ಧಾರೆ ಎರೆಯುವಾಗ ನೀವು ನೀರನ್ನು ನನ್ನ ಸೀರೆಯ ಮೇಲೆ ಚೆಲ್ಲಿದಿರಿ. ಚಿಕ್ಕಮ್ಮ ನಿಮ್ಮನ್ನು ಗದರಿದರು. ಅದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅವ್ವನ ಮೇಲೆ ನನಗೂ ಕೋಪ ಬಂದಿದೆ. ಅಪ್ಪನನ್ನು ಒಂದು ಸಲ ನನ್ನ ಮದುವೆಯಲ್ಲಿ ನೋಡಬೇಕು ಎಂದು ಅವಳಿಗೆ ಆಸೆ ಇತ್ತು, ಅದು ತಪ್ಪಲ್ಲ. ಪಕ್ಕದಲ್ಲಿ ನಿಲ್ಲಿಸಬಹುದಿತ್ತು. ನಿಮ್ಮನ್ನು ತೆಗೆದು ಅಲ್ಲಿಗೇ ನಿಲ್ಲಿಸಿದ್ದು ತಪ್ಪು. ಆಮೇಲೆ ಅಡುಗೆ ಕಡೆ ಇದ್ದರೇನೋ ಎಂದದ್ದು ಅದಕ್ಕಿಂತ ದೊಡ್ಡ ತಪ್ಪು. ನಾವೆಲ್ಲ ಅದನ್ನು ಎಷ್ಟೋ ಸಲ ನೋಡಿದೆವು, ಒಬ್ಬರಿಗಾದರೂ ನಿಮ್ಮ ನೆನಪಾಗಲಿಲ್ಲ. ಅದಕ್ಕೆ ನನಗೆ ನಾಚಿಕೆಯಾಗುತ್ತಿದೆ.

ಕ್ಷಮಿಸಿ ಎಂದು ಬರೆದರೆ ಮುಗಿಯಿತು ಎಂದುಕೊಂಡಿಲ್ಲ. ನಿಮ್ಮ ಮನಸ್ಸಿಗೆ ಬಂದ ಹಾಗೆ ಮಾಡಿ.

ನಿಮ್ಮ ಮಗಳು,
ಸಿಂಧು


ಯಳಂದೂರು
30 ಮಾರ್ಚ್ 2024

ಸಿಂಧು,

ಕಾಗದಗಳನ್ನು ಮೊಬೈಲಿನಲ್ಲಿ ಕಳುಹಿಸಿದ್ದೇನೆ, ನೋಡಿರುತ್ತೀಯ. ಹೇಗಾಯಿತು ಎಂಬುದನ್ನು ಈಗ ಕೂತು ಬರೆಯುತ್ತಿದ್ದೇನೆ.

ನಿನ್ನ ಕಾಗದ ಕೊಟ್ಟು ಬಂದ ಮೇಲೆ ಒಂದು ವಾರ ಏನೂ ಸುದ್ದಿಯಿರಲಿಲ್ಲ. ನಾನು ಆಸೆ ಬಿಟ್ಟಿದ್ದೆ. ನಿನ್ನೆ ಬೆಳಿಗ್ಗೆ ಅಂಗಡಿ ಬಾಗಿಲು ಎತ್ತುತ್ತಿದ್ದರೆ ಹಿಂದೆ ಬಂದು ನಿಂತಿದ್ದಾರೆ. ಹನೂರಿನಿಂದ ಮೊದಲ ಬಸ್ಸಿಗೆ ಹೊರಟು, ಕೊಳ್ಳೇಗಾಲದಲ್ಲಿ ಇಳಿಯದೆ, ನನ್ನನ್ನು ಕರೆಯಲು ಯಳಂದೂರಿನವರೆಗೆ ಬಂದಿದ್ದರು. "ನಡೀರಿ, ಅದೇನ್ ಬರ್‌ಕೊಡ್ಬೇಕೋ ಬರ್‌ಕೊಡ್ತೀನಿ. ನಿಮ್ಮತ್ತೇನೂ ಬರಕ್ಕೇಳಿ," ಎಂದರು. ಫೋನ್ ಮಾಡಿದೆ, ಅತ್ತೆ ಕಾಮಗೆರೆಯಿಂದ ಬಂದರು.

ಕೊಳ್ಳೇಗಾಲದಲ್ಲಿ ನೋಟರಿ ಹತ್ತಿರ ಟೈಪಿಸ್ಟು ಇಂಗ್ಲಿಷಿನಲ್ಲಿ ಹೊಡೆದ. ಕನ್ನಡದಲ್ಲಿ ಹೇಳಿ ಎಂದರು ಚಿಕ್ಕಪ್ಪ. ಸದರಿ ಫೋಟೋದಲ್ಲಿ ಎಡಗಡೆ ಇರುವ ದೇಹ ನನ್ನದು ಎಂದು ಬರೆದಿದ್ದ.

"ದೇಹ ಅಂತ ಯಾಕ್ ಬರೀತೀರಿ ಸಾ, ಎಣಕ್ಕೆ ಅಂದಂಗೆ? ಮದ್ವೇಲಿ ಎಣ್ಣು ಧಾರೆ ಎರ್ದುಕೊಟ್ಟೋನು ನಾನು, ಅದಾದ ಮೇಲೆ ಮಗ್ಳ ತಲೆ ಮೇಲೆ ಕೈ ಇಟ್ಟೋನು ನಾನು. ಅಷ್ಟು ಬರೀರಿ."

ಟೈಪಿಸ್ಟು ಹೊಸ ಹಾಳೆ ಹಾಕಿದ. ಚಿಕ್ಕಪ್ಪ ಬೆರಳಿನ ಗುರುತನ್ನೂ ಬರೆಸಿ, ಕೈಯ ಫೋಟೋ ತೆಗೆಸಿ ಅಂಟಿಸಿದರು. ಆಮೇಲೆ ಅತ್ತೆಯ ಸರದಿ. ತೀರಿಕೊಂಡ ಗಂಡನ ಮುಖವನ್ನು ಸೇರಿಸಲು ಸ್ಟುಡಿಯೋದವರಿಗೆ ಹೇಳಿದ್ದು ನಾನು ಎಂದು ಬರೆದುಕೊಟ್ಟರು.

ಹೊರಗೆ ಬೆಂಚಿನ ಮೇಲೆ ಕೂತಾಗ ಅತ್ತೆ ಬಾಯಿಬಿಟ್ಟರು. "ನಿನ್ನ ತೆಗಿಬೇಕು ಅಂತ ತೆಗೆಸ್ನಿಲ್ಲ ಕಣಪ್ಪ. ಅವ್ರು ಎಲ್ಲಿ ನಿಂತ್ಕಬೇಕಿತ್ತೋ ಅಲ್ಲಿ ನೀನು ನಿಂತಿದ್ದೆ."

"ಅಲ್ಲಿ ನಿಂತ್ಕ ಅಂತ ಕರ್‌ದೋಳೂ ನೀನೆ ಅಲ್ವಾ ಅತ್ಗೆ?"

ಅತ್ತೆ ಅತ್ತರು. ಚಿಕ್ಕಪ್ಪ ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ನಾನು ಟೀ ತಂದುಕೊಟ್ಟೆ, ಮೂವರೂ ಕುಡಿದೆವು. ಹನೂರು ಬಸ್ಸಿಗೆ ಇಬ್ಬರೂ ಒಟ್ಟಿಗೇ ಹತ್ತಿದರು. ಕಾಮಗೆರೆಯಲ್ಲಿ ಅತ್ತೆ ಇಳಿದು ಊಟ ಮಾಡಿಕೊಂಡು ಹೋಗು ಎಂದರಂತೆ. ಬಿಸಿಲಾಗುತ್ತೆ ಎಂದು ಅವರು ಇಳಿಯಲಿಲ್ಲವಂತೆ.

ನಮ್ಮ ಕೆಲಸವೇನೋ ಆಯಿತು. ಸಂತೋಷಪಡುವಷ್ಟು ಶಕ್ತಿ ನನಗಿಲ್ಲ. ನೀನು ಕಳುಹಿಸುವುದನ್ನು ಬೇಗ ಕಳುಹಿಸು.

ನಿನ್ನ,
ಮಣಿಕಂಠ


ಹನೂರು ತಾಲ್ಲೂಕು, ತೋಟದ ಮನೆ
2 ಅಕ್ಟೋಬರ್ 2024

ಸಿಂಧವ್ವ,

ನಾ ಏಳ್ತಾ ಇವ್ನಿ, ನಿನ್ ಗಂಡ ಬರ್‌ಕತಾ ಅವ್ನೆ. ಒಂದಕ್ಸರ ತಿದ್ದಬ್ಯಾಡ ಅಂತ ಏಳಿವ್ನಿ. ಇದನ್ನ ಪೋಸ್ಟಿಗೆ ಆಕಲ್ಲ, ಅವ್ನೇ ತತ್ತಾನೆ. ಅವ್ನು ಬಂದಾಗ ಇದೂ ಬತ್ತದೆ.

ವೀಸಾ ಬಂತು, ಓಗ್ಬತ್ತೀನಿ ಅಂತ ಏಳಕ್ಕೆ ಬಂದವ್ನೆ. ಆರು ತಿಂಗ್ಳು ಆಯ್ತು ನಾ ಸೈನಾಕಿ. ಆ ಆಪೀಸ್ನೋರು ನಂಬುದ್ರಲ್ಲ, ಅದೇ ಸಾಕು. ಅವ್ರು ನನ್ನ ಕಂಡೋರಲ್ಲ, ಕೇಳ್ದೋರಲ್ಲ. ಓದಿ ನಂಬುದ್ರು.

ನೀ ಕಾಗ್ದ ಬರ್‌ದಿದ್ಯಲ್ಲ, ಅದ ಮೂರು ದಿನ ಓದ್ದೆ. ನಂಗೆ ಓದಾಕೆ ಅಷ್ಟೊತ್ತು ಬೇಕು. ವಾಚ್‌ಮನ್ನು ಅಪ್ಪ ಅಂತ ಕೂಗ್ತಿದ್ದುದ್ದು ನಿಂಗೂ ಕೇಳ್ಸಿತ್ತು ಅಂತ ನಂಗೆ ಗೊತ್ತಿರ್ಲಿಲ್ಲ.

ನಿಮ್ಮವ್ವ ನೆನ್ನೆ ಅಳೀಮಯ್ಯನ್ಗೆ ಊಟಕ್ಕೆ ಇಟ್ಟಿದ್ಳು, ನಂಗೂ ಬಾ ಅಂದ್ಳು. ಓಗಿದ್ದೆ. ಪೋಟೋ ತೆಗೆದು ಅಟ್ಟದ ಮೇಲೆ ಇಟ್ಟವ್ಳೆ. ನಾ ತೆಗಿ ಅಂತ್ಲೂ ಅನ್ನಿಲ್ಲ, ಇರ್ಲಿ ಅಂತ್ಲೂ ಅನ್ನಿಲ್ಲ. ಮುದ್ದೆ ಉಂಡೆ, ಸೊಪ್ಪಿನ್ ಸಾರು ಮಾಡಿದ್ಳು. ಇನ್ನೂ ಸರೋಗಿಲ್ಲ ಕಣವ್ವ, ಸುಳ್ಳು ಯಾಕೇಳ್ಲಿ. ಓಗ್ತಾ ಬತ್ತಾ ಸರೋಯ್ತದೆ.

ನಿನ್ ಗಂಡ ಎದ್ರುಕತಾ ಅವ್ನೆ. ಬಾಯಿ ಬಿಟ್ಟು ಏಳಲ್ಲ. ಈಗ ಬರ್‌ಕತಾ ಇರೋವಾಗ್ಲೂ ತಲೆ ಬಗ್ಗಿಸ್ಕಂಡವ್ನೆ. ಅವನ್ಗೆ ಆ ಊರಲ್ಲಿ ಯಾರೂ ಗೊತ್ತಿಲ್ಲ. ನೀ ಡೂಟಿ ಮುಗ್ಸಿ ಸುಸ್ತಾಗಿ ಬಂದಾಗ ಅವನ್ ಮೇಲೆ ರೇಗ್ಬ್ಯಾಡ. ಅವ್ನು ರೇಗುದ್ರೂ ಸ್ವಲ್ಪ ತಡ್ಕ.

ನಾ ಎರಡ್ನೇ ಸಲ ಕೊಡ್ತಾ ಇವ್ನಿ ಕಣವ್ವ. ಆಗ ನಿನ್ನ ಅವನ್ಗೆ ಕೊಟ್ಟೆ. ಈಗ ಅವನ್ನ ನಿನ್ಗೆ ಕೊಡ್ತಾ ಇವ್ನಿ. ಇದ್ಕೆ ಪೋಟೋದೋನು ಬಂದಿಲ್ಲ, ನಿಮ್ಮವ್ವನೂ ಇಲ್ಲಿಲ್ಲ. ಕೊಟ್ಟೋನು ನಾನು ಅಂತ ನೀವಿಬ್ರೇ ಗ್ಯಾಪ್ಕ ಮಡಿಕಬೇಕು.

ಇಂತಿ ನಿನ್ನ ಚಿಕ್ಕಪ್ಪ,
ಹನುಮಯ್ಯ